ಅಲ್ಲಾಡದೆ ಕೂತ ಕರಿಸಿದ್ದಪ್ಪ

ಸಂಶಿಯಿಂದ ಒಳರಸ್ತೆ ಹಿಡಿದು ಎರೆಹೊಲಗಳ ನಡುವೆ ಹೋದರೆ ನಮ್ಮೂರು ಸಿಗುತ್ತದೆ. ಇಲ್ಲಿ ಕುಸ್ತಿಯಲ್ಲಿ ಹೆಸರು ಮಾಡಿದವರಿದ್ದಾರೆ, ಭಜನೆಯಲ್ಲಿ ಹೆಸರು ಮಾಡಿದವರಿದ್ದಾರೆ, ಸುಳ್ಳು ಹೇಳುವುದರಲ್ಲಿ ಹೆಸರು ಮಾಡಿದವರಂತೂ ಓಣಿಗೊಬ್ಬರು ಸಿಗುತ್ತಾರೆ. ಆದರೆ ಬರೀ ಕೂಡುವುದರಲ್ಲಿ ಹೆಸರು ಮಾಡಿದವನು ಕುರಿಯ ಕರಿಸಿದ್ದಪ್ಪ ಒಬ್ಬನೇ.

ಇದಕ್ಕೆ ಕಾರಣ ನಮ್ಮ ಕುರುಬರ ಓಣಿಯ ಒಂದು ರೂಢಿ. ಮದುವೆಯ ಮಾತಾಗಲಿ, ಅಣ್ಣತಮ್ಮಂದಿರ ಜಗಳವಾಗಲಿ, ಕುರಿ ತಪ್ಪಿಸಿಕೊಂಡ ತಕರಾರಾಗಲಿ, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿ, ಮೇಲೆ ಚಿಟಿಕೆ ಭಂಡಾರದ ಅರಿಸಿನ ಉದುರಿಸಿ ಗದ್ದಿಗೆ ಮಾಡುತ್ತಾರೆ. ಓಣಿಯ ಹಿರಿಯ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬೇಕು. ಒಮ್ಮೆ ಕೂತನೆಂದರೆ ಮಾತು ಮುಗಿಯುವ ತನಕ ಆತ ಅಲ್ಲಾಡಬಾರದು. ಕಾಲು ಬದಲಿಸಬಾರದು, ಬೆನ್ನು ತುರಿಸಬಾರದು. ಎದ್ದನೋ, ಮಾತು ಮುರಿದಂತೆ.

ಕರಿಸಿದ್ದಪ್ಪನ ಅಪ್ಪ ಹೀಗೇ ಕೂತಿದ್ದ, ಅಜ್ಜನೂ ಕೂತಿದ್ದ. ಆದರೆ ಕರಿಸಿದ್ದಪ್ಪನದು ಅವರಿಗಿಂತ ಒಂದು ಕೈ ಮೇಲು. ಒಮ್ಮೆ ಓತಿಕ್ಯಾತವೊಂದು ಆತನ ಮೊಳಕಾಲೇರಿ, ಇದು ಕಲ್ಲೇ ಇರಬೇಕೆಂದು ತಿಳಿದು ಹೊತ್ತು ಇಳಿಯುವ ತನಕ ಬಿಸಿಲು ಕಾಯಿಸಿಕೊಂಡು ಹೋಗಿತ್ತು. ಆತ ದೊಡ್ಡ ದೊಡ್ಡ ನ್ಯಾಯ ಹೇಳುತ್ತಿದ್ದನೆಂದು ಜನ ಈಗಲೂ ಅನ್ನುತ್ತಾರೆ. ನಾನು ಕೇಳಿದ ಮಟ್ಟಿಗೆ ಆತ ಹೇಳುತ್ತಿದ್ದುದು "ಹ್ಞೂಂ" ಎಂಬ ಒಂದೇ ಮಾತು. ಎದುರಿಗೆ ಕಲ್ಲಿನಂತೆ ಕೂತವನನ್ನು ನೋಡಿ ನೋಡಿ, ಜಗಳ ತಂದವರಿಗೇ ಹಸಿವಾಗಿ, ಬೇಸರವಾಗಿ, ತಮ್ಮತಮ್ಮಲ್ಲೇ ಒಂದು ನಿಕಾಲಿಗೆ ಬರುತ್ತಿದ್ದರು. ಆಮೇಲೆ ಕರಿಸಿದ್ದಪ್ಪ "ಹ್ಞೂಂ" ಅನ್ನುತ್ತಿದ್ದ. ಇಷ್ಟರಿಂದ ಆತನಿಗೆ ಬಂದಿದ್ದ ಗತ್ತು ಸಣ್ಣದಲ್ಲ. ಬಸ್ಸಿನಲ್ಲಿ ಕೂಡಲು ಜಾಗ ಸಿಗದಿದ್ದರೆ ಆತ ಬಸ್ಸನ್ನೇ ಬಿಡುತ್ತಿದ್ದ. "ನಿಂತು ಹೋಗೋ ಮಂದಿ ಬ್ಯಾರೆ ಇರ್ತಾರ" ಅನ್ನುತ್ತಿದ್ದ.

ಅರವತ್ತು ದಾಟಿದ ಮೇಲೆ, ಒಂದು ಹಿಂಗಾರಿಯ ಹೊತ್ತಿಗೆ, ಇಂಥ ಮನುಷ್ಯನಿಗೆ ಕೂಡುವ ಜಾಗದ ನಟ್ಟನಡುವೆ ಸಣ್ಣಗೆ ತುರಿಕೆ ಶುರುವಾಯಿತು.

ಮೊದಲು ಆತನಿಗೆ ಕಂಬಳಿಯ ಮೇಲೆ ಸಂಶಯ ಬಂತು. ಹೊಸದನ್ನು ತೆಗೆಸಿ ಹಳೆಯದನ್ನು ಹಾಸಿಸಿದ. ತುರಿಕೆ ನಿಲ್ಲಲಿಲ್ಲ. ಆಮೇಲೆ ಕುರಿಯ ಕಜ್ಜಿಗೆ ಹಚ್ಚುವ, ಗಂಧಕ ಕೂಡಿಸಿದ ಬೇವಿನೆಣ್ಣೆಯನ್ನು ದೊಡ್ಡಿಯ ಹಿಂದೆ ಹೋಗಿ ತಾನೇ ಹಚ್ಚಿಕೊಂಡ. ಈ ಎಣ್ಣೆ ಹಚ್ಚಿದಾಗ ಕುರಿ ಯಾಕೆ ಹಾಗೆ ಜಿಗಿದಾಡುತ್ತದೆಂಬುದು ಆತನಿಗೆ ಅವತ್ತು ತಿಳಿಯಿತು. ಕೊನೆಗೆ ಸಂಶಿಯ ಔಷಧದ ಅಂಗಡಿಗೆ ಹೋದ.

"ಮುಲಾಮು ಎಲ್ಲಿಗೆ ಹಚ್ಚಾಕ ಬೇಕ್ರಿ ಕಾಕಾ?" ಅಂಗಡಿಯ ನಿಯಾಜ್ ಕೇಳಿದ.

"ಮೊಳಕೈಗೆ."

"ತೋರಸ್ರಿ, ನೋಡೂಣು."

"ಮೊಳಕೈ ನಂದಲ್ಲೋ ತಮ್ಮಾ. ಮನ್ಯಾಕೀದು."

ಮುಲಾಮು ಹಚ್ಚಿದ ಕೆಲವು ದಿನ ತುರಿಕೆ ತಗ್ಗುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಕೈಗೆ ಸಿಗುವ, ಕಣ್ಣಿಗೆ ಸಿಗದ ಆ ಜಾಗದಲ್ಲಿ ಒದ್ದೆ ಒದ್ದೆಯಾದ ಒಂದು ತೇಪೆ ಬೆಳೆಯುತ್ತಿದೆ ಎಂದು ಬೆರಳಿಗೆ ತಿಳಿಯುತ್ತಿತ್ತು. ಬೆರಳಿಗೆ ತಿಳಿದದ್ದನ್ನು ಆತ ಬಾಯಿಗೆ ತಿಳಿಸಲಿಲ್ಲ.

ಅಷ್ಟರಲ್ಲಿ ಟಗರಿನ ತಕರಾರು ಬಂತು. ಕರಿಸಿದ್ದಪ್ಪನ ತಮ್ಮನ ಮಗ ಯಲ್ಲೇಶ, ಊರಿಂದ ಸಂಶಿಗೆ ಟಂಟಂ ಗಾಡಿ ಹೊಡೆಯುವವನು, ಮನೆಯ ಕುರಿಗಳನ್ನೂ ನೋಡಿಕೊಳ್ಳುತ್ತಿದ್ದ. ಹಿಂಡಿನಲ್ಲಿದ್ದ ಒಂದು ಕೊಂಬಿನ ಟಗರು ತನ್ನದೆಂದು ಪಕ್ಕದ ಓಣಿಯ ಬಸಣ್ಣ ಹಟ ಹಿಡಿದ. ಗದ್ದಿಗೆ ಹಾಸಿದ್ದಾಯಿತು. ಕರಿಸಿದ್ದಪ್ಪ ಕೂತ. ಯಲ್ಲೇಶ ಭಂಡಾರ ಮುಟ್ಟಿ, "ಇದು ನಮ್ಮ ಹಿಂಡಿನ್ಯಾಗ ಹುಟ್ಟಿದ್ದು ದೊಡ್ಡಪ್ಪಾ" ಅನ್ನುವುದಕ್ಕೂ, ಕರಿಸಿದ್ದಪ್ಪನಿಗೆ ಬೆಂಕಿಯ ಕಡ್ಡಿ ಗೀರಿದಂತೆ ತುರಿಕೆ ಏಳುವುದಕ್ಕೂ ಸರಿಹೋಯಿತು. ಆತನ ಎಡಪಕ್ಕ ಕಂಬಳಿಯಿಂದ ತುಸು ಮೇಲೆದ್ದು ಮತ್ತೆ ಕೂತಿತು.

ಕಟ್ಟೆಯ ಮೇಲಿದ್ದವರ ಕಣ್ಣೆಲ್ಲ ಕಂಬಳಿಗೆ ಹೋದವು.

"ಗದ್ದಿಗಿ ಅಲ್ಲಾಡ್ತು!" ಎಂದು ಯಾರೋ ಅಂದರು.

ಸುಳ್ಳು ಕೇಳಿ ಗದ್ದಿಗೆ ತಡೆದುಕೊಳ್ಳಲಿಲ್ಲ ಎಂದು ಊರು ತೀರ್ಮಾನ ಮಾಡಿತು. ಟಗರು ಬಸಣ್ಣನ ಮನೆಗೆ ಹೋಯಿತು. ಸ್ವಂತ ತಮ್ಮನ ಮಗನೆಂದೂ ನೋಡದೆ ನ್ಯಾಯ ಹೇಳಿದ ಎಂದು ಕರಿಸಿದ್ದಪ್ಪನ ಹೆಸರು ಮೂರು ಹರದಾರಿ ಓಡಿತು. ಅಲ್ಲಿಂದ ಮುಂದೆ ಜನ ಆತನ ಮುಖ ನೋಡುವುದನ್ನು ಬಿಟ್ಟು, ಕಂಬಳಿಗೂ ಆತನಿಗೂ ನಡುವಿನ ಸಂದಿಯನ್ನೇ ನೋಡತೊಡಗಿದರು. ಯಾರ ಮಾತಿಗೆ ಸಂದಿ ಬಿಟ್ಟಿತೋ ಅವರು ಸೋತರು. ಹಿಂದೆ ಎರಡು ದಿನ ಹಿಡಿಯುತ್ತಿದ್ದ ಜಗಳ ಈಗ ಒಂದು ಕಪ್ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಬೇಸಿಗೆಯಲ್ಲಿ ಕುರಿ ಮೇಯಿಸಲು ಹೋಗುವ ದುಮ್ಮವಾಡದಿಂದಲೂ ಜನ ಜಗಳ ಹೊತ್ತು ತಂದರು.

ಇಲ್ಲಿಯ ತನಕ ತಪ್ಪು ಊರವರದು. ಮುಂದಿನದು ಕರಿಸಿದ್ದಪ್ಪನದು. ಹೊಗಳಿಕೆಯನ್ನು ಕೇಳಿ ಕೇಳಿ ಆತನಿಗೂ ಅದು ನಿಜವೆನ್ನಿಸತೊಡಗಿತು.

ಸಂಜೆಯ ಹೊತ್ತು ದೊಡ್ಡಿಯ ಬಾಗಿಲಲ್ಲಿ ಆತ ಒಬ್ಬನೇ ಕಂಬಳಿಯ ಮೇಲೆ ಕೂಡುತ್ತಿದ್ದ. ಹಿಂಡು ಬರುವ ದಾರಿಯಲ್ಲಿ ದೂಳೆದ್ದು ಹೊಲ, ಬೇಲಿ, ಕಂಬ ಎಲ್ಲವೂ ಹಾಲಿನಲ್ಲಿ ನೆನೆಸಿದಂತೆ ಮಸುಕಾಗುತ್ತಿತ್ತು. ಆಗ ಆತನಿಗೆ ಕಂಬಳಿಯ ಒಂದೊಂದು ಎಳೆಯೂ ಮೆಲ್ಲಗೆ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಎಷ್ಟು ಕುರಿಗಳ ಉಣ್ಣೆ ಇದು! ಸತ್ತ ಕುರಿ, ಮಾರಿದ ಕುರಿ, ಮಳೆಯಲ್ಲಿ ನಿಂತ ಕುರಿ. ಪ್ರತಿ ಎಳೆಗೂ ತನ್ನ ಕುರಿಯ ನೆನಪಿರಬೇಕು. ಕುರಿಗೆ ಸುಳ್ಳು ಗೊತ್ತಿಲ್ಲ. ಅದಕ್ಕೇ ಸುಳ್ಳು ಕೇಳಿದೊಡನೆ ಎಳೆಗಳು ಸೆಟೆದು ನಿಲ್ಲುತ್ತವೆ, ತನಗೆ ಚುಚ್ಚಿ ತಿಳಿಸುತ್ತವೆ. ಅಪ್ಪನಿಗೆ ತಿಳಿಸಲಿಲ್ಲ, ಅಜ್ಜನಿಗೆ ತಿಳಿಸಲಿಲ್ಲ, ತನಗೆ ತಿಳಿಸಿದವು. ಹೀಗೆ ಯೋಚಿಸುತ್ತ ಆತ ಅರೆಗಣ್ಣಾಗುತ್ತಿದ್ದ. ಒಬ್ಬನೇ ಕೂತಾಗಲೂ, ಯಾರೂ ಸುಳ್ಳು ಹೇಳದಿದ್ದಾಗಲೂ ತುರಿಕೆ ಏಳುತ್ತಿತ್ತಲ್ಲ? ಅದಕ್ಕೂ ಆತ ಉತ್ತರ ಹುಡುಕಿಕೊಂಡಿದ್ದ. ದೂರದ ಯಾವುದೋ ಊರಿನಲ್ಲಿ ಯಾರೋ ಸುಳ್ಳು ಹೇಳುತ್ತಿರಬೇಕು.

ಇಂಥ ವರವನ್ನು ಡಾಕ್ಟರಿಗೆ ತೋರಿಸಿ ಕಳೆದುಕೊಳ್ಳುವವರು ಯಾರು?

ಗುಟ್ಟು ಹೊರಬಿದ್ದದ್ದು ಮೊಳಕೈಯಿಂದ. ಕರಿಸಿದ್ದಪ್ಪನ ಹೆಂಡತಿ ಮೈಲಾರವ್ವ ಒಂದು ದಿನ ಜ್ವರದ ಗುಳಿಗೆಗೆ ನಿಯಾಜ್‌ನ ಅಂಗಡಿಗೆ ಹೋದಳು.

"ಮೊಳಕೈ ಹೆಂಗೈತ್ರಿ ಕಾಕೂ?" ಅಂದ ನಿಯಾಜ್.

"ಯಾರ ಮೊಳಕೈಯೋ?"

"ನಿಮ್ಮದ್ರಿ. ಎರಡು ವರ್ಷ ಆತು, ಕಾಕಾ ಮುಲಾಮು ಒಯ್ಯಾಕತ್ತಾರ."

ಮೈಲಾರವ್ವ ತನ್ನ ಎರಡೂ ಮೊಳಕೈಗಳನ್ನು ತಿರುಗಿಸಿ ನೋಡಿಕೊಂಡಳು. ಇತ್ತೀಚೆಗೆ ಗಂಡ ತನ್ನ ಧೋತರವನ್ನು ತಾನೇ ಹಿಂಡಿ ಒಣಹಾಕುತ್ತಿದ್ದುದು ನೆನಪಾಯಿತು. ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದವನು! ಮನೆಗೆ ಬಂದವಳೇ ಹಗ್ಗದ ಮೇಲಿದ್ದ ಧೋತರವನ್ನು ಬಿಸಿಲಿಗೆ ಹಿಡಿದಳು. ಹಿಂಡಿದರೂ ಹೋಗದ ಕೆಂಪು ಕಲೆಗಳಿದ್ದವು.

"ಇದೇನ್ರಿ ಇದು?"

"ಕುರಿ ಮರಿ ಹಾಕ್ತಲ್ಲ, ಅದರ ರಗತ."

"ಕುರಿ ನಿಮ್ಮ ತೊಡಿ ಮ್ಯಾಲ ಕುಂತು ಮರಿ ಹಾಕ್ತೇನು?"

ಕರಿಸಿದ್ದಪ್ಪ ಗದ್ದಿಗೆಯ ಮೇಲೆ ಕೂಡುವವನ ಮುಖ ಮಾಡಿದ. ಮೈಲಾರವ್ವನ ಎದುರು ಆ ಮುಖ ಯಾವತ್ತೂ ನಡೆದಿರಲಿಲ್ಲ, ಅವತ್ತೂ ನಡೆಯಲಿಲ್ಲ. ಮರುದಿನ ಯಲ್ಲೇಶನ ಟಂಟಂ ಗಾಡಿಯಲ್ಲಿ, ಹಿಂದಿನ ಸೀಟಿನ ಮೇಲೆ ಬೋರಲು ಮಲಗಿಸಿಕೊಂಡು, ಆತನನ್ನು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ಶಸ್ತ್ರಚಿಕಿತ್ಸೆಯ ಡಾಕ್ಟರು ಹೆಣ್ಣುಮಗಳು, ಶಬನಮ್, ಅಣ್ಣಿಗೇರಿಯವರು. ಇದನ್ನು ಕೇಳಿದ ಕರಿಸಿದ್ದಪ್ಪ ಬಾಗಿಲಿನಲ್ಲೇ ನಿಂತುಬಿಟ್ಟ.

"ಬ್ಯಾರೆ ಯಾರೂ ಇಲ್ಲೇನ್ರಿ ಬಾಯಾರ? ಗಂಡಸ್ರು?"

"ಅದಾರ್ರಿ ಕಾಕಾ. ಅವರು ನನ್ನ ಕಡೆನ ಕಲಿಯಾಕತ್ತಾರ. ಕರೀಲೇನು?"

"ಬ್ಯಾಡ್ರಿ, ಬ್ಯಾಡ್ರಿ."

ಡಾಕ್ಟರು ನೋಡಿದರು. ಬಹಳ ಹೊತ್ತು ನೋಡಿದರು. ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಕರುಳಿನಲ್ಲಿ ಬೇರೆ ಗಂಟು ಇದೆಯೋ ಎಂದು ಕೊಳವೆ ಹಾಕಿ ನೋಡಿದರು. ಅದೇನೂ ಇರಲಿಲ್ಲ. ವರದಿ ಬಂದ ದಿನ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕರೆದು, ಮುಚ್ಚುಮರೆಯಿಲ್ಲದೆ ಹೇಳಿದರು. ಇದು ಕಜ್ಜಿಯಲ್ಲ, ಮೂಲವ್ಯಾಧಿಯಲ್ಲ. ಗುದದ್ವಾರದ ಸುತ್ತಲಿನ ಚರ್ಮದಲ್ಲಿ ಹುಟ್ಟಿದ ಕ್ಯಾನ್ಸರು. ಪ್ಯಾಜೆಟ್ ರೋಗ ಅನ್ನುತ್ತಾರೆ. ನೋಡಲು ಕಜ್ಜಿಯ ಹಾಗೇ ಇರುತ್ತದೆ, ಅದಕ್ಕೇ ವರ್ಷಗಟ್ಟಲೆ ಜನ ಮುಲಾಮು ಹಚ್ಚುತ್ತ ಕೂಡುತ್ತಾರೆ.

"ಇದು ಭಾಳ ಅಪರೂಪ ಕಾಕಾ. ನನ್ನ ಇಷ್ಟು ವರ್ಷದ ಸರ್ವಿಸಿನ್ಯಾಗ ನಾ ನೋಡಿದ್ದು ಇದು ಎರಡನೇದು."

ಹೇಳಲು ನಾಚಿಕೆಯಾಗಬೇಕು, ಆದರೆ ಮೈಲಾರವ್ವನೇ ಆಮೇಲೆ ಹೇಳಿದ ಮಾತಿದು: ಕ್ಯಾನ್ಸರ್ ಅಂದಾಗ ಬಾಡಿದ ಕರಿಸಿದ್ದಪ್ಪನ ಮುಖ, ಅಪರೂಪ ಅಂದಾಗ ತುಸು ಅರಳಿತು.

"ಹಂಗಾರ ಎಲ್ಲಾರಿಗೂ ಬರೂದಲ್ಲ ಅನ್ರಿ."

"ಎಲ್ಲಾರಿಗೂ ಬರೂದಲ್ರಿ. ಬಂದವರು ಬಿಟ್ಟುಕೊಂಡು ಕೂತ್ರ ಒಳಗ ಇಳೀತದ, ತೊಡಿ ಸಂದ್ಯಾಗಿನ ಗಂಟಿಗೆ ಹೋಗ್ತದ. ಆಮ್ಯಾಲ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ಈಗಿನ್ನೂ ಚರ್ಮದಾಗ ಐತಿ."

ಮಾಡಬೇಕಾದ್ದನ್ನು ಅವರು ಕಾಗದದ ಮೇಲೆ ಬರೆದು ತೋರಿಸಿದರು. ರೋಗ ಹಿಡಿದ ಚರ್ಮವನ್ನು ಸುತ್ತಲೂ ಒಂದಿಷ್ಟು ಒಳ್ಳೆಯ ಅಂಚು ಸೇರಿಸಿ ಕತ್ತರಿಸಿ ತೆಗೆಯುವುದು. ಬರಿದಾದ ಜಾಗ ಹೊಲಿಗೆಗೆ ದಕ್ಕುವುದಿಲ್ಲ. ಅದಕ್ಕೆ ಎರಡೂ ಕುಂಡಿಯ ಚರ್ಮವನ್ನು, ಅದರ ಕೆಳಗಿನ ಕೊಬ್ಬು, ರಕ್ತನಾಳದ ಸಮೇತ, ತ್ರಿಕೋನಾಕಾರದಲ್ಲಿ ಬಿಡಿಸಿ ನಡುವಿಗೆ ಸರಿಸಿ ಕೂಡಿಸುವುದು.

"ನೀವು ಕಂಬಳಿ ಪಟ್ಟಿ ಎರಡು ಕೂಡಿಸ್ತೀರಲ್ರಿ, ಹಂಗ."

"ಹಂಗಾರ ನಡುವ ಹೊಲಗಿ ಬರತೈತಿ" ಅಂದ ಕರಿಸಿದ್ದಪ್ಪ.

"ಬರತೈತ್ರಿ."

ಆತ ಕಾಗದವನ್ನೇ ನೋಡುತ್ತ ಕೂತ. ಕೂತ ಅನ್ನುವುದು ತಪ್ಪು, ಕುರ್ಚಿಯ ಅಂಚಿಗೆ ಒರಗಿ ನಿಂತಿದ್ದ. ಸಾಯುತ್ತೇನೋ ಬದುಕುತ್ತೇನೋ ಎಂದು ಆತ ಕೇಳಲಿಲ್ಲ. ಎಷ್ಟು ಖರ್ಚೆಂದೂ ಕೇಳಲಿಲ್ಲ. ಕೇಳಿದ್ದು ಒಂದೇ.

"ನಾ ಮತ್ತ ಗದ್ದಿಗಿ ಮ್ಯಾಲ ಕುಂದರತೀನೇನ್ರಿ?"

ಮೈಲಾರವ್ವ ಗದ್ದಿಗೆ ಅಂದರೇನೆಂದು ವಿವರಿಸಿದಳು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

"ಆಪರೇಷನ್ ಆದ ಮ್ಯಾಲ ತಿಂಗಳುಗಟ್ಟಲೆ ಕುಂದರಂಗಿಲ್ಲ. ಆಮ್ಯಾಲ ಮೆತ್ತಗಿನ ಕುರ್ಚಿ ಮ್ಯಾಲ ಕುಂದರಬಹುದು. ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿ, ತಾಸುಗಟ್ಟಲೆ... ಅದಕ್ಕ ನಾ ಮಾತು ಕೊಡಂಗಿಲ್ರಿ ಕಾಕಾ. ಬದುಕೂದಕ್ಕ ಮಾತು ಕೊಡತೀನಿ."

"ಹಂಗಾರ ಬ್ಯಾಡ್ರಿ" ಎಂದು ಕರಿಸಿದ್ದಪ್ಪ ಹೊರಗೆ ನಡೆದ.

ದಾರಿಯುದ್ದಕ್ಕೂ ಮೈಲಾರವ್ವ ಬೈದಳು. ಬೋರಲು ಮಲಗಿದವನು ಗಾಡಿಯ ತಗಡಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಇದ್ದ. ಕುರಿಯ ಹಿಂಡು ಯಲ್ಲೇಶನದಾಯಿತು, ಹೊಲವನ್ನು ಪಾಲಿಗೆ ಕೊಟ್ಟಾಯಿತು. ಗದ್ದಿಗೆಯೂ ಹೋದರೆ ಕರಿಸಿದ್ದಪ್ಪ ಅನ್ನುವವನು ಯಾರು? ನಿಂತು ಹೋಗುವ ಮಂದಿಯಲ್ಲಿ ಒಬ್ಬ.

ವಾರ ಕಳೆಯಿತು. ಮೈಲಾರವ್ವ ಬೈಯುವುದನ್ನು ಬಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲವೆಂದು ಕರಿಸಿದ್ದಪ್ಪನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಂದು ಇಳಿಹೊತ್ತಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಗದ್ದಿಗೆ ಹಾಸಿದ್ದಾರೆ ಬಾ ಎಂದು ಕರೆ ಬಂದಾಗ ಆತ ರುಮಾಲು ಸುತ್ತಿಕೊಂಡು ಗತ್ತಿನಿಂದಲೇ ಹೋದ, ಭಂಡಾರ ಹಣೆಗೊತ್ತಿ ಕೂತ. ಯಾರ ತಕರಾರೆಂದು ನೋಡಿದರೆ, ತೆಂಗಿನಕಾಯಿ ಹಿಡಿದು ಎದುರಿಗೆ ನಿಂತವಳು ಮೈಲಾರವ್ವ.

"ನನ್ನ ತಕರಾರು ನನ್ನ ಗಂಡನ ಮ್ಯಾಲ" ಅಂದಳು.

ಒಂದಿಬ್ಬರು ನಕ್ಕರು. ಬಸಣ್ಣ ಅವರನ್ನು ಸುಮ್ಮನಿರಿಸಿದ.

"ನನ್ನ ಗಂಡಗ ಕ್ಯಾನ್ಸರ್ ಆಗೈತಿ. ಎಲ್ಲಿ ಆಗೈತಿ ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ."

"ಕೇಳಂಗಿಲ್ಲ ಬಿಡವ್ವಾ. ಮುಂದ ಹೇಳು" ಅಂದ ಬಸಣ್ಣ.

"ಕೊಯ್ದು ತಗದ್ರ ಉಳೀತಾನ ಅಂತ ಡಾಕ್ಟರ್ ಬಾಯಿ ಹೇಳ್ಯಾಳ. ತಗಸಲಿಲ್ಲಂದ್ರ ಉಳಿಯಂಗಿಲ್ಲ. ಇಂವ ಒಲ್ಲೆ ಅಂತಾನ. ನಾ ಹೇಳೂದು ಖರೆ ಐತೋ ಸುಳ್ಳು ಐತೋ, ಗದ್ದಿಗಿ ಹೇಳಲಿ. ಸುಳ್ಳಾದ್ರ ನಾ ಇನ್ನ ಬಾಯಿ ತೆರೆಯಂಗಿಲ್ಲ. ಖರೆ ಆದ್ರ ಇಂವ ನಾಳೆ ಹುಬ್ಬಳ್ಳಿಗೆ ನಡೀಬೇಕು."

ಜನರೆಲ್ಲ ಬಗ್ಗಿ ಕಂಬಳಿಯ ಅಂಚು ನೋಡತೊಡಗಿದರು.

ಆಗ ತುರಿಕೆ ಎದ್ದಿತು. ಎರಡು ವರ್ಷದಲ್ಲಿ ಅಂಥದ್ದು ಎದ್ದಿರಲಿಲ್ಲ. ಒಣಮೆಣಸಿನಕಾಯಿಯ ರಾಶಿಯ ಮೇಲೆ ಬರಿಮೈಯಲ್ಲಿ ಕೂತಂತಾಯಿತು. ಒಂದು ಬೆರಳಿನಷ್ಟು ಮೇಲೆದ್ದರೆ ಸಾಕು, ಸುಖ. ಆಪರೇಷನ್ನೂ ತಪ್ಪಿತು, ಗದ್ದಿಗೆಯೂ ಉಳಿಯಿತು. ಆದರೆ ಮೈಲಾರವ್ವ ಸುಳ್ಳಿಯಾಗುತ್ತಾಳೆ. ಸಾರಿಗೆ ಉಪ್ಪು ಮರೆತರೆ ತಾನಾಗಿ ಒಪ್ಪಿಕೊಳ್ಳುವವಳು, ಊರ ನಡುವೆ, ಗದ್ದಿಗೆಯ ಎದುರು.

ಆತ ಎದುರಿಗೆ ನೋಡಿದ. ಇಳಿಬಿಸಿಲು ಗುಡಿಯ ಗೋಡೆಯ ಮೇಲಿಂದ ಅವಳ ಮೇಲೆ ಬಿದ್ದಿತ್ತು. ಕಾಯಿ ಹಿಡಿದ ಆ ಕೈಯ ಮೊಳಕೈ ಕಾಣುತ್ತಿತ್ತು. ಎರಡು ವರ್ಷ ಸಂಶಿಯ ಅಂಗಡಿಯಲ್ಲಿ ತಾನು ರೋಗ ಹಚ್ಚಿದ್ದ ಮೊಳಕೈ. ಅಗದಿ ನೆಟ್ಟಗಿತ್ತು. ಅದನ್ನೇ ನೋಡುತ್ತ ನೋಡುತ್ತ ಆತನಿಗೆ ಕಟ್ಟೆ, ಜನ, ಬಸಣ್ಣನ ಮೀಸೆ ಎಲ್ಲ ದೂರ ಸರಿದವು. ಬೆಂಕಿಯೂ ದೂರ ಸರಿಯಿತು. ಯಾರದೋ ಹೊಲದ ಆಚೆ ಬದಿಯಲ್ಲಿ ಕುರಿಗಾಹಿಗಳು ಹೊತ್ತಿಸಿದ ಒಲೆಯಂತೆ ಅದು ಅಲ್ಲೆಲ್ಲೋ ಉರಿಯುತ್ತಿತ್ತು. ತಾನು ಇಲ್ಲಿದ್ದ, ಒದ್ದೆ ಮಣ್ಣಿನ ವಾಸನೆಯ ಒಂದು ದೊಡ್ಡ ಬಯಲಿನಲ್ಲಿ. ಬಯಲಿನ ನಡುವೆ ಒಂದು ಮೊಳಕೈ. ಎಷ್ಟು ಹೊತ್ತು ಹಾಗಿದ್ದನೋ. ಮೇಯಲು ಹೋದ ಹಿಂಡುಗಳು ಮನೆ ಸೇರಿದವು, ಗುಡಿಯಲ್ಲಿ ದೀಪ ಹಚ್ಚಿದರು, ಕಂಬಳಿಯ ಅಂಚು ಅಲ್ಲಾಡಲಿಲ್ಲ.

"ಖರೆ ಐತಿ" ಅಂದ ಕರಿಸಿದ್ದಪ್ಪ.

ಆತ ಗದ್ದಿಗೆಯ ಮೇಲೆ ಆಡಿದ ಅತಿ ಉದ್ದನೆಯ ಮಾತು ಅದು. ಹೇಳಿದವನೇ ಪಕ್ಕಕ್ಕೆ ಉರುಳಿದ. ನಾಲ್ಕು ಜನ ಎತ್ತಿ ಮನೆಗೆ ತಂದರು.

ಹುಬ್ಬಳ್ಳಿಯಲ್ಲಿ ಆಪರೇಷನ್ನಿಗೆ ಮೊದಲಿನ ದಿನ ಡಾಕ್ಟರು ನೀಲಿ ಶಾಯಿಯಿಂದ ಆತನ ಹಿಂಬದಿಯಲ್ಲಿ ಗೆರೆ ಎಳೆದರು. ಕಲಿಯುವ ಹುಡುಗ ಹುಡುಗಿಯರು ಸುತ್ತ ನಿಂತು ಬರೆದುಕೊಂಡರು. ಮೊದಲು ನಾಚಿಕೆಯಿಂದ ತಲೆದಿಂಬಿನಲ್ಲಿ ಮುಖ ಹುದುಗಿಸಿದ್ದ ಕರಿಸಿದ್ದಪ್ಪ, ಅವರು ಪಿಸುಗುಟ್ಟುವುದನ್ನು ಕೇಳಿ ತುಸು ತಲೆಯೆತ್ತಿದ.

"ಹಿಂದ ನಿಂತವರಿಗೆ ಕಾಣ್ತದೇನ್ರಿ?" ಎಂದು ವಿಚಾರಿಸಿದ.

ಮರುದಿನ ಮೂಗಿಗೆ ಮುಖವಾಡ ಇಟ್ಟರು. ದೀಪಗಳು ಅಗಲವಾದವು, ಆಮೇಲೆ ಮೆತ್ತಗಾದವು. ಆತ ಎರಡು ಹೊಲಗಳನ್ನು ಕಂಡ. ನಡುವೆ ಸುಟ್ಟ ನೆಲ, ಏನೂ ಬೆಳೆಯದ್ದು. ಆ ಕಡೆಯ ಹೊಲ ಮೆಲ್ಲಗೆ ತೆವಳತೊಡಗಿತು, ಈ ಕಡೆಯದೂ. ಮೇಲೆ ನಿಂತ ಜೋಳದ ತೆನೆ ಬಾಗದಂತೆ, ಗೂಡಿನ ಹಕ್ಕಿ ಏಳದಂತೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಕೂಸಿನಂತೆ ಎರಡೂ ಸರಿದು ಬಂದು ಒಂದಕ್ಕೊಂದು ತಾಗಿದವು. ತಾಗಿದ ಗೆರೆಯ ಮೇಲೆ ಕುರಿಗಳು ಸಾಲಾಗಿ ದಾಟುತ್ತಿದ್ದವು. ಯಾವ ಕುರಿಯೂ ಕೆಳಗೆ ನೋಡಲಿಲ್ಲ. ತಾನೂ ದಾಟಬೇಕೆಂದು ಆತ ಹೆಜ್ಜೆಯಿಟ್ಟ. ಹೆಜ್ಜೆ ಹಗುರವಾಗಿತ್ತು, ಯಾರದೋ ಕಾಲು ಎರವಲು ತಂದಂತೆ.

"ಕಾಕಾ, ಮುಗೀತ್ರಿ" ಎಂದಿತು ಶಬನಮ್ ಡಾಕ್ಟರ ದನಿ.

ಮಲ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಕಟ್ಟಬೇಕಾದೀತೆಂದು ಅವರು ಮೊದಲು ಹೆದರಿಸಿದ್ದರು. ಒಳಗಿನ ಸ್ನಾಯುವಿಗೆ ರೋಗ ತಾಗಿರದ ಕಾರಣ ಅದು ಬೇಕಾಗಲಿಲ್ಲ. ಹೊಲಿಗೆ ಮಾಯುವ ತನಕ ಅತ್ತ ಕಡೆ ಕೆಲಸವೇ ಬೀಳದಿರಲೆಂದು ಬರೀ ಗಂಜಿನೀರು, ಎಳನೀರು ಕೊಟ್ಟರು. ರೊಟ್ಟಿ, ಖಾರಬ್ಯಾಳಿಯ ಕನಸು ಕಾಣುತ್ತ ಕರಿಸಿದ್ದಪ್ಪ ಬೋರಲಾಗಿ ಬಿದ್ದಿದ್ದ. ಕತ್ತರಿಸಿದ ಚರ್ಮದ ವರದಿ ಬಂತು. ಅಂಚಿನ ಸುತ್ತ ಎಲ್ಲೂ ರೋಗ ಉಳಿದಿರಲಿಲ್ಲ. ಆದರೂ ಮರಳಿ ಬರುವ ಚಾಳಿಯ ರೋಗ ಇದು, ವರ್ಷಗಟ್ಟಲೆ ಆಗಾಗ ಬಂದು ತೋರಿಸುತ್ತಿರಬೇಕು ಎಂದು ಡಾಕ್ಟರು ಮೈಲಾರವ್ವನ ಕೈಯಲ್ಲಿ ಆಣೆ ಮಾಡಿಸಿಕೊಂಡರು. ಕರಿಸಿದ್ದಪ್ಪನ ಆಣೆಯನ್ನು ಅವರು ನೆಚ್ಚಲಿಲ್ಲ.

ಊರಿಗೆ ಬಂದ ಮೇಲೆಯೂ ಬೋರಲೇ. ಅಂಗಳದ ಹೊರಸಿನ ಮೇಲೆ ಮಲಗಿ, ಹೊರಸಿನ ಅಂಚಿನಿಂದ ಮುಖ ಹೊರಗೆ ಹಾಕಿ ಆತ ನೆಲ ನೋಡುತ್ತಿದ್ದ. ಆಯುಷ್ಯವಿಡೀ ಕಟ್ಟೆಯ ಮೇಲಿಂದ ನೋಡಿದವನಿಗೆ ಗೇಣೆತ್ತರದ ಲೋಕ ಹೊಸದಾಗಿತ್ತು. ಎರೆಮಣ್ಣಿನ ಬಿರುಕಿನಲ್ಲಿ ಇರುವೆಗಳ ಸಂತೆ. ಕೋಳಿಯ ಕಾಲಿನ ಗುರುತು. ಮಧ್ಯಾಹ್ನ ನೆರಳು ಹರಿದುಬಂದು ಮೂಗಿನ ಕೆಳಗೆ ನಿಂತು ಮತ್ತೆ ಹೋಗುತ್ತಿತ್ತು. ಬಂದವರು ಮಾತಾಡಿಸಬೇಕೆಂದರೆ ಆತನ ಮುಖ ಕಾಣಲು ನೆಲಕ್ಕೆ ಕೂತು ಬಗ್ಗಬೇಕಾಗುತ್ತಿತ್ತು. ಅದನ್ನು ಆತ ತನಗೆ ಸಲ್ಲುವ ಮರ್ಯಾದೆ ಎಂದೇ ತಿಳಿದಿದ್ದ.

ಹಾಗೆ ಬಗ್ಗಿ ಕೂತವರಲ್ಲಿ ಯಲ್ಲೇಶನೂ ಒಬ್ಬ. ಕರಿಸಿದ್ದಪ್ಪ ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ನೆಲಕ್ಕೆ ಹೇಳುವಂತೆ ಹೇಳಿದ.

"ಯಲ್ಲೇಶಾ, ಆ ಟಗರು... ಅವತ್ತು ಗದ್ದಿಗಿ ಅಲ್ಲಾಡಿದ್ದಲ್ಲೋ. ನನಗ ತುರಿಕಿ ಎದ್ದಿತ್ತು. ನಿನ್ನ ಟಗರು ಸುಳ್ಳೇ ಹೋತು."

ಯಲ್ಲೇಶ ತಲೆ ಕೆರೆದುಕೊಂಡ.

"ಸುಳ್ಳೇ ಹೋಗಿಲ್ಲ ಬಿಡ ದೊಡ್ಡಪ್ಪಾ. ಟಗರು ಬಸಣ್ಣಂದ ಇತ್ತು. ನಾನ ಸುಳ್ಳು ಹೇಳಿದ್ದೆ."

ಕರಿಸಿದ್ದಪ್ಪ ಬಹಳ ಹೊತ್ತು ಇರುವೆಗಳನ್ನೇ ನೋಡಿದ. ಹಾಗಾದರೆ ಚುಚ್ಚಿದ್ದು ರೋಗವೋ, ಉಣ್ಣೆಯೋ? ಡಾಕ್ಟರು ಆ ಚರ್ಮವನ್ನು ಶೀಶೆಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಿಬಿಟ್ಟಿದ್ದರು. ಕೇಳಲು ಈಗ ಯಾರೂ ಉಳಿದಿರಲಿಲ್ಲ.

"ಸುಳ್ಳು ಯಾಕ ಹೇಳಿದಿಲೇ?"

"ನೀನು ಅಲ್ಲಾಡಂಗಿಲ್ಲ ಅಂತ ಗೊತ್ತಿತ್ತಲ್ಲ."

ಗಾಯ ಮಾಯಿತು. ಕೊನೆಗೊಂದು ದಿನ ಡಾಕ್ಟರು ಮೆತ್ತಗಿನ ದಿಂಬಿನ ಮೇಲೆ ಕೂಡಬಹುದೆಂದರು. ಮನೆಗೆ ಬಂದು ಮೈಲಾರವ್ವ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು ಕರಿಸಿದ್ದಪ್ಪ ಗದ್ದಿಗೆಯ ಕಂಬಳಿಯನ್ನೇ ನೆಲಕ್ಕೆ ಹಾಸಿದ. ಮೊದಲಿನಂತೆ ಚಕ್ಕಳಮಕ್ಕಳ ಹಾಕಿ ಕೂತ.

ತುರಿಕೆ ಇರಲಿಲ್ಲ. ಏನೂ ಇರಲಿಲ್ಲ. ಸರಿದು ಬಂದ ಚರ್ಮಕ್ಕೆ ಕಂಬಳಿಯ ಒರಟು ತಿಳಿಯಲೇ ಇಲ್ಲ. ಬೇರೆ ಯಾರೋ ಎಲ್ಲೋ ಕೂತಿದ್ದಾರೆ, ತಾನು ನೋಡುತ್ತಿದ್ದೇನೆ ಅನ್ನಿಸಿತು. ಕೆಲ ಗಳಿಗೆ ಅಷ್ಟೆ. ಆಮೇಲೆ ಎರಡೂ ಕಡೆಯಿಂದ ಹೊಲಿಗೆ ಜಗ್ಗತೊಡಗಿತು. ಆತ ಹಲ್ಲು ಕಚ್ಚಿದ. ಹೊಲಿಗೆ ಇನ್ನೂ ಜಗ್ಗಿತು. ಮುಂದಕ್ಕೆ ಕೈಯೂರಿ, ಮೊಳಕಾಲಿಗೆ ಬಂದು, ಗೋಡೆ ಹಿಡಿದು ಎದ್ದ. ತಿರುಗಿದರೆ ಬಾಗಿಲಲ್ಲಿ ಮೈಲಾರವ್ವ ನಿಂತಿದ್ದಳು. ಆಕೆ ಬೈಯಲಿಲ್ಲ. ಕಂಬಳಿಯ ಒಂದು ಅಂಚು ತಾನು ಹಿಡಿದಳು, ಇನ್ನೊಂದನ್ನು ಆತ ಹಿಡಿದ, ಇಬ್ಬರೂ ಮಡಚಿದರು.

ಮುಂದಿನ ಹಿಂಗಾರಿಯಲ್ಲಿ ನಮ್ಮ ಓಣಿಯ ಸಣ್ಣವ್ವನ ತಕರಾರು ಬಂತು. ಆಕೆಯ ಹೊಲಕ್ಕೂ ಮೈದುನನ ಹೊಲಕ್ಕೂ ನಡುವಿನ ಬದುವನ್ನು ಆತ ವರ್ಷ ವರ್ಷ ಕಡಿದು ಒತ್ತುತ್ತಿದ್ದಾನೆಂದು ದೂರು. ಕಟ್ಟೆಯ ಮೇಲೆ ಗದ್ದಿಗೆ ಹಾಸಿದರು, ಜನ ಕೂಡಿದರು. ಕರಿಸಿದ್ದಪ್ಪ ಬಂದ, ಭಂಡಾರ ಹಚ್ಚಿಕೊಂಡ, ಕಂಬಳಿಯ ಎದುರು ನಿಂತ. ಎಲ್ಲರೂ ಆತ ಕೂಡುವುದನ್ನು ಕಾದರು.

"ನನಗ ಕುಂದ್ರಾಕ ಬರಂಗಿಲ್ಲ" ಅಂದ. "ಇಲ್ಲೆ ಕ್ಯಾನ್ಸರ್ ಆಗಿತ್ತು." ತಿರುಗಿ, ಕೈಯಿಂದ ಜಾಗ ಮುಟ್ಟಿ ತೋರಿಸಿದ. "ಕೊಯ್ದು, ಆಜು ಬಾಜು ಚರ್ಮ ಎಳದು ಹೊಲದಾರ. ನಾ ಅವಾಗೆಲ್ಲಾ ಅಲ್ಲಾಡತಿದ್ದದ್ದು ತುರಿಕಿಗೆ."

ಊರು ಬಾಯಿ ತೆರೆದು ನಿಂತಿತು. ಮೊದಲು ಚೇತರಿಸಿಕೊಂಡವನು ಬಸಣ್ಣ.

"ಹಂಗಾರ ಆ ಟಗರು?"

"ನಿಂದೋ ಮಾರಾಯಾ, ನಿಂದ. ಕುಂದ್ರು."

"ನನ್ನ ಬದು?" ಅಂದಳು ಸಣ್ಣವ್ವ. "ಅದನ್ನ ಯಾರು ಹೇಳ್ಬೇಕ್ರಿ ಮಾವಾ?"

ಕರಿಸಿದ್ದಪ್ಪ ಯೋಚಿಸಿದ. "ಬದು ಎಲ್ಲೈತಿ?"

"ಹಳ್ಳದ ಬಾಜೂಕ."

"ನಡೀರಿ, ನೋಡೂಣು."

ನಮ್ಮೂರಿನಲ್ಲಿ ತಲೆಮಾರುಗಳಿಂದ ಎಷ್ಟೋ ಬದುಗಳ ತಕರಾರು ಮುಗಿದಿವೆ. ಬದುವಿನ ತನಕ ನಡೆದು ಹೋಗಿ ನೋಡಬಹುದೆಂದು ಅಲ್ಲಿಯ ತನಕ ಯಾರಿಗೂ ಹೊಳೆದಿರಲಿಲ್ಲ, ಕೂತಲ್ಲಿಂದ ಏಳಬಾರದಲ್ಲ! ಕರಿಸಿದ್ದಪ್ಪ ಮುಂದೆ, ಸಣ್ಣವ್ವ ಮತ್ತು ಆಕೆಯ ಮೈದುನ ಹಿಂದೆ, ಅವರ ಹಿಂದೆ ಇಡೀ ಓಣಿ ಹೊರಟಿತು. ಕಡಲೆಯ ಹೊಲದ ಹುಳಿ ವಾಸನೆ ಗಾಳಿಯಲ್ಲಿತ್ತು. ಸಂಜೆಯ ಬೆಳಕು ಕುಸುಬೆಯ ಹೂವಿನ ಮೇಲೆ ತೇಲುತ್ತಿತ್ತು. ಮೊದಲ ಹೊಲದ ತನಕ ಅತ್ತಿಗೆ ಮೈದುನ ಬೈದಾಡಿದರು. ಎರಡನೆಯ ಹೊಲದಲ್ಲಿ ಉಸಿರು ಸಾಲದೆ ಬೈಗುಳ ಬಿಡಿಬಿಡಿಯಾಯಿತು. ಹಳ್ಳ ದಾಟುವಾಗ ಮೈದುನ ಕೈಕೊಟ್ಟ, ಸಣ್ಣವ್ವ ಬೇಡವೆನ್ನಲು ಮರೆತಳು.

ಬದು ಬಂತು. ನಿಜಕ್ಕೂ ಒಂದು ಕಡೆ ಸಣ್ಣಗೆ ಕಡಿದಿತ್ತು, ಆದರೆ ಕಡಿದದ್ದು ಹಳ್ಳದ ನೀರೋ ಮೈದುನನ ಗುದ್ದಲಿಯೋ ಹೇಳುವುದು ಕಷ್ಟ. ಓಣಿಯವರು ಎರಡೂ ಹೊಲಗಳಲ್ಲಿ ಹಂಚಿಹೋಗಿ ನಿಂತರು. ಕರಿಸಿದ್ದಪ್ಪ ಬದುವಿನ ಮೇಲೆ, ಸೊಂಟದ ಹಿಂದೆ ಎರಡೂ ಕೈ ಕಟ್ಟಿ ನಿಂತ. ಅತ್ತಿಗೆ ಮೈದುನರಲ್ಲಿ ಯಾರು ಮೊದಲು ಬಾಯಿ ಬಿಡುತ್ತಾರೆಂದು ಕಾದ. ಆತ ಈ ಕಾಲಿನಿಂದ ಆ ಕಾಲಿಗೆ ಭಾರ ಬದಲಿಸಿದ. ಅದರಿಂದ ಯಾರ ಮಾತೂ ಸುಳ್ಳಾಗಲಿಲ್ಲ.

"ಮಾವಾ, ನಿಂತು ನಿಂತು ಕಾಲು ನೋಯಂಗಿಲ್ಲೇನು ನಿಮ್ಮವು?" ಸಣ್ಣವ್ವ ಕೇಳಿದಳು.

"ನೋಯಾಕತ್ತಾವು" ಅಂದ ಕರಿಸಿದ್ದಪ್ಪ. "ಅದಕ್ಕ ಲಗೂನ ಮಾತಾಡ್ರಿ."